ಬಟ್ಟಲು ಮುಚ್ಚಿದ ಅರ್ಧ ರೊಟ್ಟಿ

ತರಬೇತಿಯ ಸಭೆಯಲ್ಲಿ ಇನ್‌ಸ್ಪೆಕ್ಟರ್ ನಿಖಿತಾ ಯಾರ ಹೆಸರನ್ನೂ ಎತ್ತಲಿಲ್ಲ. ಆದರೂ ಬೆಳಗಾವಿಯ ಪೊಲೀಸರೆಲ್ಲ ತಿರುಗಿ ನೋಡಿದ್ದು ಸಬ್ ಇನ್‌ಸ್ಪೆಕ್ಟರ್ ಅಮರನ ಮುಖವನ್ನೇ.

“ಯಾರ ಮ್ಯಾಲರೆ ಸಂಶಯ ಬಂತಂದ್ರ, ಅವನಕಿಂತ ಮದಲ ನಿಮ್ಮ ಸಂಶಯಾನ ಹಿಡಕೊಂಡ ಬರ್ರಿ,” ಎಂದರು ನಿಖಿತಾ. “ಎದುರಿಗೆ ಕುಂದರಿಸಿ ಕೇಳ್ರಿ: ನೀ ಎಲ್ಲಿಂದ ಬಂದಿಯಪಾ, ನಿನಗ ಸಾಕ್ಷಿ ಯಾರು ಅಂತ.”

“ನಮ್ಮ ಅಮರ ಸಾಹೇಬ್ರ ಸಂಶಯಕ್ಕ ಜಾಮೀನೂ ಸಿಗೂದಿಲ್ರೀ ಮೇಡಮ್ಮರ,” ಎಂದಿತು ಹಿಂದಿನ ಸಾಲಿನ ಒಂದು ದನಿ. ಸಭೆ ನಕ್ಕಿತು. ಅಮರನೂ ನಕ್ಕ. ಅವನ ಮೇಲಿನ ಇಲಾಖಾ ವಿಚಾರಣೆಯನ್ನು ನಡೆಸುತ್ತಿದ್ದವರು ಇದೇ ನಿಖಿತಾ. ತಪ್ಪು ಸಾಬೀತಾದರೆ ಅವನ ಮೈಮೇಲೆ ಖಾಕಿ ಉಳಿಯುವಂತಿರಲಿಲ್ಲ.

ತಪ್ಪಾದರೂ ಏನು? ಖಾನಾಪುರದ ವ್ಯಾಪಾರಿ ಬಸಲಿಂಗಪ್ಪನ ಮನೆಯಲ್ಲಿ ಒಂದು ಬೆಳಿಗ್ಗೆ ಬೆಳ್ಳಿ ಸಾಮಾನು ಕಳವಾಗಿತ್ತು. ಪಂಪು ರಿಪೇರಿ ಮಾಡುವ ಜಾಂಬೋಟಿಯ ಈರಯ್ಯ ಹಿಂದಿನ ದಿನ ಆ ಮನೆಗೆ ಬಂದು ಹೋಗಿದ್ದ. ಈರಯ್ಯನ ತಂದೆ ಒಮ್ಮೆ ಕಳವಿಗಾಗಿ ಜೈಲು ಕಂಡವನು. ಬೇವಿನ ಬೀಜಕ್ಕೆ ಮಾವು ಹುಟ್ಟುತ್ತದೆಯೇ? ಅಮರನಿಗೆ ಅಷ್ಟು ಸಾಕಾಗಿತ್ತು. ಹೊಡೆದು ತಪ್ಪೊಪ್ಪಿಗೆ ಪಡೆದ. ಈರಯ್ಯ ಒಂದು ಇಡೀ ಮಳೆಗಾಲವನ್ನು ಹಿಂಡಲಗಾದ ಜೈಲಿನಲ್ಲಿ ಕಳೆದ. ಕೊನೆಗೆ ನ್ಯಾಯಾಲಯ ಅವನನ್ನು ನಿರ್ದೋಷಿಯೆಂದು ಬಿಟ್ಟಿತು. ಕಟಕಟೆಗೆ ಬರಬೇಕಾದ ಸರದಿ ಈಗ ಅಮರನದಾಯಿತು.

ಆದರೆ ಈರಯ್ಯನೇ ಕಳ್ಳನೆಂಬುದರಲ್ಲಿ ಅಮರನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವನ ಬಳಿ ಒಂದು ಗುಟ್ಟಿತ್ತು. ಅಂದು ಬಸಲಿಂಗಪ್ಪನ ಅಡುಗೆಮನೆಯ ಮೂಲೆಯಲ್ಲಿ ಅವನೊಂದು ತಾಟು ಕಂಡಿದ್ದ. ಅದರಲ್ಲಿ ಉಂಡು ಉಳಿದ ಅರ್ಧ ರೊಟ್ಟಿ, ಅದರ ಮೇಲೆ ಬೋರಲು ಹಾಕಿದ ಹಿತ್ತಾಳೆಯ ಬಟ್ಟಲು. ಪಕ್ಕದಲ್ಲಿದ್ದವಳು ಮನೆಯ ಹಿರಿಯಳು, ಬಸಲಿಂಗಪ್ಪನ ತಾಯಿ ಶಿವಬಸವ್ವ ಒಬ್ಬಳೇ. “ಇಲ್ಲಿ ಉಂಡವರು ಯಾರಬೇ?” ಎಂದು ಕೇಳಿದ್ದಕ್ಕೆ ಅವಳು ತಲೆ ತಗ್ಗಿಸಿ ಸುಮ್ಮನಾದಳು, ಹೆದರಿದ್ದಾಳೆಂದು ಅಮರ ತಿಳಿದ. ಲಿಂಗಪೂಜೆಗೆ ಮುಂಚೆ ಯಾರೂ ಹನಿ ನೀರನ್ನೂ ಮುಟ್ಟದ ಮನೆಯದು. ಪೂಜೆ ಇನ್ನೂ ಮುಗಿದಿರಲಿಲ್ಲ. ಅಂದಮೇಲೆ ಉಂಡವನು ಕಳ್ಳನೇ. ಅರ್ಧ ತಿಂದು ಅರ್ಧ ಮುಚ್ಚಿಟ್ಟು ಹೋಗುವುದು ಅವನ ಸೊಕ್ಕಿನ ರುಜು. ಮುಂದೆ ಉಪಯೋಗಕ್ಕೆ ಬಂದೀತೆಂದು ಅಮರ ಆ ಸಂಗತಿಯನ್ನು ಪತ್ರಿಕೆಗಳಿಗೆ ಹೇಳಲಿಲ್ಲ, ನ್ಯಾಯಾಲಯಕ್ಕೆ ತಿಳಿಸಲಿಲ್ಲ, ಹೊಡೆಯುವಾಗಲೂ ಈರಯ್ಯನ ಮುಂದೆ ಅದರ ಮಾತೆತ್ತಲಿಲ್ಲ.

ಈಗ ಅದು ಉಪಯೋಗಕ್ಕೆ ಬಂದಿತ್ತು. ಈರಯ್ಯ ಮತ್ತೆ ಕದಿಯಬೇಕು. ಅವನು ಕದಿಯದಿದ್ದರೆ ಅವನ ಪರವಾಗಿ ಬೇರೆ ಯಾರಾದರೂ ಕದಿಯಬೇಕು. ಅಮರನ ಅಂತಃಸಾಕ್ಷಿ ಇದನ್ನು ಅಪರಾಧವೆಂದು ಕರೆಯಲೇ ಇಲ್ಲ. ತಡವಾಗಿ ಬಂದ ಸತ್ಯಕ್ಕೆ ದಾರಿ ಮಾಡಿಕೊಡುವುದು ಎಂದಿತು.

ಅವನು ಆರಿಸಿಕೊಂಡದ್ದು ಖಾಸಬಾಗದಲ್ಲಿ ಒಬ್ಬರೇ ಇರುವ ನಿವೃತ್ತ ಶಿಕ್ಷಕಿ ರಾಜಮತಿಯವರ ಮನೆ. ಜೈನರ ದಶಲಕ್ಷಣ ಪರ್ವದ ದಿನಗಳಲ್ಲಿ ಅವರು ಮಧ್ಯಾಹ್ನದ ಪ್ರವಚನಕ್ಕೆ ಬಸದಿಗೆ ಹೋಗುತ್ತಿದ್ದರು. ಸಂತೆಯ ದಿನ ಈರಯ್ಯ ಪಂಪಿನ ಬಿಡಿಭಾಗ ಕೊಳ್ಳಲು ಅದೇ ಬೀದಿಗೆ ಬಂದು, ತನ್ನ ಮೊಪೆಡನ್ನು ಬೇವಿನ ಮರದ ಕೆಳಗೆ ನಿಲ್ಲಿಸುತ್ತಿದ್ದ. ಉಳಿದದ್ದೆಲ್ಲ ಸುಲಭ.

ಸುಲಭವೆಂದುಕೊಂಡಿದ್ದ. ಹಿತ್ತಲ ಬಾಗಿಲಿನ ಚಿಲಕ ಮೀಟುವಾಗ ಕೈಗವಸಿನೊಳಗೆ ಬೆರಳುಗಳು ಬೆವರಿನಲ್ಲಿ ಜಾರಿದವು. ಬೆಳ್ಳಿಯ ಆರತಿ ತಟ್ಟೆ ಕೈಗೆ ಬಂದಾಗ ಅದು ಸಣ್ಣಗೆ ಝಣಿಸಿತು. ಆ ಸದ್ದಿಗೆ ಅವನು ತಟ್ಟೆಯನ್ನು ಎದೆಗವಚಿಕೊಂಡು ಬಾಗಿಲ ಹಿಂದೆ ಅಡಗಿದ. ಎಷ್ಟೋ ಕಳ್ಳರನ್ನು “ಹೆದರಿಕಿ ಆಗಲಿಲ್ಲೇನಲೇ?” ಎಂದು ಹಂಗಿಸಿದ್ದ ಅವನಿಗೆ ಇಂದು ಉತ್ತರ ಸಿಕ್ಕಿತು. ಆದರೂ ಬುದ್ಧಿ ಎಚ್ಚರವಾಗಿತ್ತು. ಮನೆಯಿಂದ ಬುತ್ತಿ ತರುವ ಯೋಚನೆಯನ್ನು ಅವನು ಮೊದಲೇ ಕೈಬಿಟ್ಟಿದ್ದ: ಉಳ್ಳಾಗಡ್ಡಿಯ ವಾಸನೆಯೂ ಇಲ್ಲದ ಜೈನರ ಅಡುಗೆಮನೆಯಲ್ಲಿ ಹೊರಗಿನ ಊಟ ಕೂಡಲೇ ಗುರುತು ಸಿಗುತ್ತದೆ. ಆದ್ದರಿಂದ ಅವರ ಬುಟ್ಟಿಯ ರೊಟ್ಟಿಯನ್ನೇ ತೆಗೆದ. ಅರ್ಧ ಮುರಿದು ಜೇಬಿಗೆ ಹಾಕಿದ, ಕಚ್ಚಲಿಲ್ಲ. ಉಳಿದರ್ಧವನ್ನು ತಾಟಿನಲ್ಲಿಟ್ಟು ಬಟ್ಟಲು ಬೋರಲು ಹಾಕಿದ. ಸಂತೆಯ ಗದ್ದಲದಲ್ಲಿ ಆರತಿ ತಟ್ಟೆ ಈರಯ್ಯನ ಮೊಪೆಡಿನ ಚೀಲದ ತಳ ಸೇರಿತು.

ದೂರು ಬಂದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ನಿಖಿತಾ ಅವರ ಹಿಂದೆ ಅಮರನೂ ಆ ಮನೆಗೆ ಬಂದ. ಸಂತೆಗೆ ಬಂದಿರುವ ಹಳೆಯ ಆರೋಪಿಗಳ ಚೀಲ ನೋಡಿಸಿರೆಂದು ಸೂಚಿಸಿದವನೂ ಅವನೇ. ಸ್ವಲ್ಪ ಹೊತ್ತಿನಲ್ಲಿ ಪೇದೆಗಳು ಈರಯ್ಯನನ್ನು ತಟ್ಟೆಯ ಸಮೇತ ಅಂಗಳಕ್ಕೆ ತಂದರು. ಅಮರನನ್ನು ಕಂಡದ್ದೇ ಈರಯ್ಯ ಎರಡು ಹೆಜ್ಜೆ ಹಿಂದೆ ಸರಿದ.

“ಸಾಹೇಬ್ರ, ಮತ್ತ ನಾನನ?” ಎಂದ.

“ತಂಗಿ, ತಟ್ಟಿ ಸಿಕ್ತಲ್ಲ, ಸಾಕವ್ವ. ಆ ಮನುಷ್ಯಾನ್ನ ಹೊಡೀಬ್ಯಾಡ್ರಿ,” ಎಂದರು ರಾಜಮತಿ. “ಪರ್ವದ ದಿನ ಐತಿ.”

ಅಮರ ಅಡುಗೆಮನೆಯತ್ತ ಕೈತೋರಿಸಿದ. ಮಾತು ಅವನು ಕಲಿತಿಟ್ಟ ಹಾಗೆಯೇ ಹೊರಬಂತು. “ನೋಡ್ರಿ ಮೇಡಮ್ಮರ, ಅರ್ಧಾ ರೊಟ್ಟಿ, ಮ್ಯಾಲೆ ಬಟ್ಟಲಾ. ಖಾನಾಪುರದಾಗೂ ಇದ ಆಗಿತ್ರಿ. ಇದು ಈರಯ್ಯನ ರುಜು. ನನ್ನ ಸಂಶಯ ಖರೇ ಇತ್ತೋ ಇಲ್ಲೋ ಈಗ ಹೇಳ್ರಿ.”

“ಆ ಕೇಸಿನ್ಯಾಗ ಎಲ್ಲೂ ಈ ಮಾತ ಬಂದಿಲ್ಲಲ್ರಿ?”

“ಬರಗೊಟ್ಟಿಲ್ರಿ. ಆ ತಾಟು ನೋಡಿದಾಂವ ನಾನು, ಬಾಜೂಕ ಇದ್ದಾಕಿ ಆ ಮುದುಕಿ, ಇಟ್ಟು ಹೋದಾಂವ ಈ ಈರಯ್ಯ. ನಾಕನೇದವರಿಗೆ ಗೊತ್ತಿಲ್ರಿ.”

“ವಿಚಾರ ಮಾಡಿ ಹೇಳ್ರಿ. ಮೂರ ಮಂದಿಗಷ್ಟನ?”

“ದೇವರಾಣೆ, ಮೂರ ಮಂದಿಗಷ್ಟರಿ.”

ನಿಖಿತಾ ಬಾಗಿ ಬಟ್ಟಲನ್ನೆತ್ತಿ ಕೆಳಗಿದ್ದ ರೊಟ್ಟಿಯನ್ನು ಬಹಳ ಹೊತ್ತು ನೋಡಿದರು. ತಿರುಗಿದಾಗ ಅವರ ಮುಖದಲ್ಲಿ ಸಿಟ್ಟಿಗಿಂತ ಮರುಕವೇ ಹೆಚ್ಚಿತ್ತು. “ಮನ್ನಿ ವಿಚಾರಣಿಗಂತ ಖಾನಾಪುರಕ್ಕ ಹೋಗಿದ್ದೆ,” ಎಂದರು. “ಶಿವಬಸವ್ವಜ್ಜಿಗೆ ಸಕ್ಕರಿ ಬ್ಯಾನಿ ಐತ್ರಿ. ಅವತ್ತ ತಲಿ ತಿರುಗಿತಂತ. ಪೂಜಾ ಆಗೂ ಮದಲ ಅರ್ಧಾ ರೊಟ್ಟಿ ತಿಂದು, ಉಳದದ್ದಕ್ಕ ನೊಣ ಕುಂದರಬಾರದಂತ ಬಟ್ಟಲಾ ಮುಚ್ಚಿದಾಕಿ ಅಕಿನ. ಸೊಸಿಗೆ ಕೇಳಿಸೀತಂತ ನಾಚಿ ನಿಮ್ಮ ಮುಂದ ಸುಮ್ಮನಾದಳು. ಅಮರ ಅವರ, ಕದ್ದು ಓಡಾಂವ ನೊಣದ ಚಿಂತಿ ಯಾಕ ಮಾಡ್ತಾನ್ರಿ? ಅದು ಕಳ್ಳನ ರುಜು ಅಂತ ಈ ಜಗತ್ತಿನ್ಯಾಗ ನಂಬಿದಾಂವ ಒಬ್ಬನ.”