ಸ್ಯಾಂಪಲ್ ಪುಸ್ತಕದಲ್ಲಿ ಬೆಳೆದ ಮಗಳು

“ಕುಸುಮಾ, ಆ ದರಿದ್ರ ಪುಸ್ತಕ ಮೊದ್ಲ್ ಒಳಗ್ ಹಾಕ್! ಇಲ್ದಿರೆ ನಾನೇ ಒಲಿಗ್ ಹಾಕ್ತೆ ಕಾಣ್!”

ಅಂಗಳದಾಚೆ ಕಾರು ನಿಂತ ಸದ್ದಿಗೆ ಅತ್ತಿಗೆ ಬಾಗಿಯ ಗಂಟಲು ಇನ್ನೂ ಏರಿತು. ಕುಸುಮಾವತಿ ಹೊಲಿಗೆ ಮಿಶನ್ನಿನ ಮುಂದಿನಿಂದ ಏಳಲಿಲ್ಲ. ಹಟದಿಂದಲ್ಲ, ಮಂಡಿಯಲ್ಲಿ ಕಸುವಿರಲಿಲ್ಲ, ಅಷ್ಟೇ. ಬಾರ್ಕೂರಿನ ಅರ್ಧ ಹೆಂಗಸರ ರವಿಕೆ ಹೊಲಿದು ಹೊಲಿದು ನಲವತ್ತೈದಕ್ಕೇ ಅರವತ್ತರ ಮುದುಕಿಯಂತಾಗಿದ್ದಳು. ಕಾರಿನಲ್ಲಿ ಬಂದವರು ಯಾರೆಂದು ಅವಳಿಗೆ ಗೊತ್ತಿತ್ತು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಅವಳ ಮಡಿಲಿನಿಂದ ಐದು ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ಮುಂಬೈಗೆ ಹೋದ ಜಲಜಾಕ್ಷಿ!

“ಬಳಿ ಕೇಂತ್ರ್, ಹೇಳ್. ಚಾ ಕೊಟ್ಟ್ ಕಳ್ಸುವ. ಕಣ್ಣೀರ್ ಗಿಣ್ಣೀರ್ ಅಂದ್ಹೇಳಿ ರಂಪ ಮಾಡ್ಬೇಡ. ಕೊಲ್ಲೂರಮ್ಮನ ಎದ್ರ್ ಮಾತ್ ಕೊಟ್ಟಿದ್ದಿ, ನೆನಪಿತ್ತಲ್ದಾ?” ಎಂದಳು ಬಾಗಿ.

ನೆನಪಿಲ್ಲದೆ ಏನು! ಗಂಡನನ್ನು ಮುಂಬೈಯ ಹೋಟೆಲಿನ ಕೆಲಸವೇ ನುಂಗಿತೋ, ಜ್ವರವೇ ನುಂಗಿತೋ, ಮದುವೆಯಾದ ವರ್ಷದೊಳಗೆ ಅವನು ಹೋದ. ಬಸುರಿ ಹೊಟ್ಟೆ ಹೊತ್ತುಕೊಂಡು ಕುಸುಮ ತವರಿಗೆ ಬಂದಳು. ಅಣ್ಣ ರತ್ನಾಕರ ಒಳ್ಳೆಯವನೇ, ಆದರೆ ಅವನ ಒಳ್ಳೆಯತನಕ್ಕೆ ನಾಲಗೆ ಇರಲಿಲ್ಲ. ಬಾಗಿ ಅತ್ತಿಗೆಗೆ ಎರಡಿದ್ದವು! “ಕೈಮಗು ಇದ್ದವಳಿಗ್ ಎರಡ್ನೇ ಮದಿ ಯಾರ್ ಮಾಡ್ಕಂತ್ರ್? ಮಕ್ಕಳಿಲ್ದವರ್ ಕೇಂತಾ ಇದ್ರ್, ಕೊಟ್ಬಿಡ್” ಎಂದು ಹಗಲೂ ಇರುಳೂ ಕಿವಿಯಲ್ಲಿ ಅದೇ. ಕೊನೆಗೆ ಕೊಲ್ಲೂರಿನಲ್ಲಿ ಅಮ್ಮನವರ ಎದುರು ಮಗು ಕೈದಾಟಿತು. ಜನ್ಮದಲ್ಲಿ ಅದರ ಮುಖ ನೋಡಲು ಬರುವುದಿಲ್ಲವೆಂದು ಕುಸುಮ ಮಾತು ಕೊಟ್ಟಳು. ಎರಡನೇ ಮದುವೆಯಂತೂ ಬರಲಿಲ್ಲ ಬಿಡಿ. ಬಂದದ್ದು ಎದೆಹಾಲು ಮಾತ್ರ... ಕುಡಿಯುವವಳಿಲ್ಲದೆ, ರವಿಕೆ ಒದ್ದೆ ಮಾಡಿಕೊಂಡು, ತಿಂಗಳುಗಟ್ಟಲೆ!

ಆಗ ಅವಳಿಗೆ ಹೊಲಿಗೆ ಕಲಿಸುತ್ತಿದ್ದವರು ಸಿಸಿಲಿಯಾ ಬಾಯಿ. ಹುಡುಗಿ ಮಾತು ಬಿಟ್ಟಿದ್ದನ್ನೂ, ಬಟ್ಟೆ ಕತ್ತರಿಸುವ ಬದಲು ಕತ್ತರಿಯನ್ನೇ ನೋಡುತ್ತ ಕೂರುವುದನ್ನೂ ಕಂಡು ಅವರಿಗೆ ಹೆದರಿಕೆಯಾಯಿತು. ಪ್ಯಾಂಟು ಬಟ್ಟೆಯ ತುಂಡು ಅಂಟಿಸಿ ಅಂಗಡಿಗಳಿಗೆ ಕಳಿಸುತ್ತಾರಲ್ಲ, ದಪ್ಪ ರಟ್ಟಿನ ಸ್ಯಾಂಪಲ್ ಪುಸ್ತಕ, ಹಳೆಯದೊಂದನ್ನು ತಂದುಕೊಟ್ಟರು. “ಮನ್ಸಲ್ಲಿಪ್ಪುದನ್ನ ಇದ್ರಗ್ ಅಂಟ್ಸ್ ಮಗಾ. ಒಳಗೇ ಇಟ್ಕಂಡ್ರೆ ಕೊಳೀತ್” ಎಂದರು. ಅಂದಿನಿಂದ ವರ್ಷಕ್ಕೊಂದು ಪುಟ. ಮಗಳು ಹುಟ್ಟಿದ ದಿನ ಹಳೆಯ ತುಂಡು ಕಿತ್ತು, ಮೈದಾ ಗಂಜಿ ಹಚ್ಚಿ, ತನ್ನದೊಂದು ಅಂಟಿಸುತ್ತಿದ್ದಳು. ಆ ರಾತ್ರಿ ಮಾತ್ರ ಅವಳಿಗೆ ನಿದ್ದೆ ಬರುತ್ತಿತ್ತು. ಒಂದೇ ಒಂದು ಸಲ, ದೂರದಿಂದಾದರೂ ಮಗಳನ್ನು ಕಾಣಬೇಕೆಂಬ ಆಸೆಯನ್ನು ಅವಳು ಆ ರಟ್ಟುಗಳ ನಡುವೆ ಮಡಚಿಟ್ಟಿದ್ದಳು.

ಜಲಜಾಕ್ಷಿ ಒಳಗೆ ಬಂದಳು. ರೇಷ್ಮೆ ಸೀರೆ, ಬೆಳ್ಳಿಕೂದಲು, ಕಣ್ಣಿನ ಕೆಳಗೆ ಕಪ್ಪು. ಅವಳೂ ದಣಿದಿದ್ದಳು.

“ಹ್ಯಾಂಗಿದ್ಯೆ ಕುಸುಮಾ?”

“ಇದ್ದೆ ಅಕ್ಕ. ಕೂಕಣಿ.”

ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು ಜಲಜಾಕ್ಷಿ ವಿಷಯಕ್ಕೆ ಬಂದಳು. “ಹೆಣ್ಣಿಗ್ ಒಂದ್ ಸಂಬಂಧ ಬಂದಿತ್ತ್. ಬೈಂದೂರ್ ಬದಿಯರ್, ಒಳ್ಳೇ ಜನ. ಆದ್ರೆ ಹೆಣ್ಣ್ ಸಾಕಿದ್ದ್ ಅಂದ್ಹೇಳಿ ಗಂಡಿನ ಅಪ್ಪ ಅಬ್ಬಿಗ್ ಯಾರೋ ಹೇಳಿರ್. ಹೆತ್ತವಳ ಬಳಿ ಯಾವ್ದ್, ಅದ್ ಗೊತ್ತಾಯ್ಕ್ ಅಂತ್ರ್.”

ಅವರ ಜನದಲ್ಲಿ ಬಳಿ, ಅಂದರೆ ಗೋತ್ರದಂಥ ಕುಲದ ಗುರುತು, ಬರುವುದು ತಾಯಿಯಿಂದ. ಒಂದೇ ಬಳಿಯವರೆಂದರೆ ಅಣ್ಣ ತಂಗಿಯರ ಲೆಕ್ಕ, ಮದುವೆಯಿಲ್ಲ. ಮನೆ ಬದಲಾಗಬಹುದು, ಊರು ಬದಲಾಗಬಹುದು, ಅಮ್ಮ ಎಂದು ಕರೆಸಿಕೊಳ್ಳುವವಳೂ ಬದಲಾಗಬಹುದು. ಆದರೆ ಹುಡುಗಿಯ ಮದುವೆಯ ಮಾತು ಬಂದಾಗ ಕೇಳುವವರು ಹೆತ್ತ ಹೊಟ್ಟೆಯನ್ನೇ ಹುಡುಕಿಕೊಂಡು ಬರುತ್ತಾರೆ.

“ಹೊನ್ನೆ ಬಳಿ” ಎಂದಳು ಕುಸುಮ.

“ಗಂಡಿಂದ್?” ಎಂದು ಬಾಗಿ ಮೂಗು ತೂರಿಸಿದಳು.

“ಬೇರೆ. ತೊಂದ್ರಿ ಇಲ್ಲ” ಎಂದು ಜಲಜಾಕ್ಷಿ ಉಸಿರು ಬಿಟ್ಟಳು.

ಆಯಿತು! ಇಪ್ಪತ್ತನಾಲ್ಕು ವರ್ಷಗಳಿಗೆ ಎರಡು ಶಬ್ದ! ಕುಸುಮನಿಗೆ ಅಳು ಬರಲಿಲ್ಲ, ಸುಸ್ತು ಬಂತು. “ಇಷ್ಟ್ ಕೇಂಬುಕೆ ಮುಂಬೈಂದ ಬಂದ್ರ್ಯಾ ಅಕ್ಕ? ಅಣ್ಣಂಗ್ ಫೋನ್ ಮಾಡಿರೆ ಸಾಕಿತ್ತ್. ಅಣ್ಣನೂ ನಾನೂ ಒಂದೇ ಅಬ್ಬಿ ಮಕ್ಕಳ್ ಅಲ್ದಾ, ಬಳಿ ಬೇರೆ ಆತ್ತಾ?”

ಜಲಜಾಕ್ಷಿಯ ಕಣ್ಣು ಮಿಶನ್ನಿನ ಮೇಲಿದ್ದ ಪುಸ್ತಕದ ಮೇಲೆ ಬಿದ್ದಿತ್ತು.

“ಎಂತ ಅದ್?”

“ಎಂತ ಇಲ್ಲ ಮಾರಾಯ್ತಿ, ಹಳೇ ಕಸ...” ಬಾಗಿ ಕೈಚಾಚುವಷ್ಟರಲ್ಲಿ ಜಲಜಾಕ್ಷಿ ಅದನ್ನು ತೊಡೆಗೆ ಎಳೆದುಕೊಂಡಾಗಿತ್ತು.

ಮೊದಲ ಪುಟದಲ್ಲಿ ಮಗುವಿನ ಕೈಯಿಂದ ಹರಿದು ಬಿದ್ದ ಕರಿಮಣಿ, ನಾಲ್ಕೇ ನಾಲ್ಕು. ಆಮೇಲೆ ವರ್ಷಕ್ಕೊಂದು ಬಟ್ಟೆ ತುಂಡು. ಆ ವರ್ಷ ಮಗಳಷ್ಟೇ ಪ್ರಾಯದ ಯಾವ ಹುಡುಗಿ ಅಳತೆಗೆ ಬಂದಳೋ, ಅವಳ ಬಟ್ಟೆಯದು. ಕೆಳಗೆ ಅಳತೆ. ‘ಮೂರು ವರ್ಷ. ಹೆಗಲು ಒಂಬತ್ತು. ಪದ್ದುವಿನ ಮಗಳದ್ದು.’ ‘ಹನ್ನೊಂದು ವರ್ಷ. ಹೆಗಲು ಹನ್ನೆರಡು. ಟೀಚರ ಮಗಳದ್ದು.’ ಊರಿನ ಮಕ್ಕಳ ಹೆಗಲು, ಕೈ, ಸೊಂಟ ಸಾಲ ತಂದು ಕುಸುಮ ತನ್ನ ಮಗಳನ್ನು ಬೆಳೆಸಿದ್ದಳು! ಹದಿನೈದರ ಪುಟದಲ್ಲಿ ಮೊದಲ ಬಾರಿಗೆ ಒಂದು ಮುಖ. ಮುಂಬೈಯಿಂದ ಅಣ್ಣನಿಗೆ ಬರುತ್ತಿದ್ದ ಮಾಸಪತ್ರಿಕೆಯಿಂದ ಕತ್ತರಿಸಿದ ಫೋಟೊ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಪ್ರಣೀತಾ ಸುಧೀರ್ ಶೆಟ್ಟಿ. ಮಗಳಿಗಿಟ್ಟ ಹೆಸರೂ ಜಲಜಾಕ್ಷಿಯ ಗಂಡನ ಹೆಸರೂ ಅಣ್ಣನಿಂದ ಕುಸುಮನ ಕಿವಿಗೆ ಬಿದ್ದಿದ್ದವು. ಮುಂದೆ ಹನ್ನೆರಡನೇ ತರಗತಿಯದು, ಡಿಗ್ರಿಯದು. ಮೂರರ ಹಣೆಗೂ ಕುಂಕುಮದ ಬೊಟ್ಟು.

ಜಲಜಾಕ್ಷಿಯ ಬೆರಳು ಫೋಟೊದ ಮೇಲೆ ನಿಂತಿತು.

“ಕುಸುಮಾ... ಇದ್ ನಮ್ಮ ಪ್ರಣೀತಾ ಅಲ್ಲ.”

“ಆಂ?”

“ಹೆಸ್ರ್ ಅದೇ. ಅಪ್ಪನ ಹೆಸ್ರೂ ಅದೇ. ಆದ್ರೆ ಇದ್ ಬೇರೆ ಯಾರ್ದೋ ಹೆಣ್ಣ್ ಮಾರಾಯ್ತಿ...”

ಮುಂಬೈಯಲ್ಲಿ ಸುಧೀರ್ ಶೆಟ್ಟರಿಗೇನು ಬರ! ಅದು ಕುಸುಮನಿಗೆ ಹೊಳೆದೇ ಇರಲಿಲ್ಲ. ಒಂಬತ್ತು ವರ್ಷ ಆ ಮುಖದೊಡನೆ ಮಾತಾಡಿದ್ದಳು. ಜ್ವರ ಬಂದರೆ ಹೇಳಿಕೊಂಡಿದ್ದಳು, ಅತ್ತಿಗೆ ಬೈದರೆ ಹೇಳಿಕೊಂಡಿದ್ದಳು. ಎಡಗೆನ್ನೆಯ ಮಚ್ಚೆ ಥೇಟ್ ತನ್ನ ಅಬ್ಬಿಯದೇ ಎಂದು ಬಿಕ್ಕಿ ಬಿಕ್ಕಿ ಅತ್ತಿದ್ದಳು! ಅಯ್ಯೋ, ಹೆತ್ತ ಕರುಳಿಗೆ ಗುರುತು ಸಿಗುತ್ತದೆ ಅನ್ನುತ್ತಾರಲ್ಲ... ನನ್ನ ಕರುಳಿಗೆ ಏನಾಗಿತ್ತು? ಅವಳ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತು.

ಬಾಗಿ ಕಿಸಕ್ಕನೆ ನಕ್ಕಳು. “ಕಾಣಿ! ಯಾರ್ದೋ ಹೆಣ್ಣಿಗ್ ಕುಂಕುಮ ಇಟ್ಕಂಡ್ ಕೂಕಂಡಿದ್ಲ್!”

“ಬಾಗಕ್ಕ, ಸಾಕ್!” ಜಲಜಾಕ್ಷಿಯ ದನಿಗೆ ಮಿಶನ್ನಿನ ಮೇಲಿದ್ದ ಕತ್ತರಿಯೂ ಅದುರಿದಂತಾಯಿತು. ಮತ್ತೆ ಅವಳು ಕುಸುಮನ ಕಡೆ ತಿರುಗಿದಳು. “ಎಂತಕ್ ಬಂದೆ ಕೇಂಡ್ಯಲ್ದಾ? ಬರೂಕ್ ನಂಗ್ ಮನ್ಸಿರ್ಲಿಲ್ಲ. ಮಗಳೇ ಕರ್ಕಂಡ್ ಬಂದ್ಲ್. ಬಳಿ ಮಾತ್ ಬಂದ ಮೇಲೆ ಎಲ್ಲ ಹೇಳ್ಕಾಯ್ತ್. ಕಾರಲ್ಲೇ ಕೂಕಂಡಿದ್ಲ್. ‘ಅವ್ರಿಗ್ ಕಾಣ್ಕ್ ಅಂದ್ ಇದ್ರೆ ಕರಿ, ಇಲ್ದಿರೆ ಇಳಿಯುದಿಲ್ಲ’ ಅಂದಿದ್ಲ್.”

ಕಾರಲ್ಲಿ! ಇಪ್ಪತ್ತು ಹೆಜ್ಜೆ ದೂರದಲ್ಲಿ! ಆದರೂ ಕುಸುಮನ ತಲೆ ಅಡ್ಡಡ್ಡ ಆಡಿತು. “ಬೇಡ ಅಕ್ಕ... ಮಾತ್ ಕೊಟ್ಟಿದೆ. ಮತ್ತ್ ಯಾವ ಮುಖ ಹೊತ್ಕಂಡ್ ಕಾಣಲಿ? ಸ್ವಂತ ಮಗಳ್ ಯಾರ್, ಬೇರೆಯವರ ಮಗಳ್ ಯಾರ್ ಅಂದ್ ಗೊತ್ತಿಲ್ದವಳ್ ಎಂತ ಅಬ್ಬಿ?”

“ಮಾತ್ ತಕಂಡವಳ್ ನಾನ್. ಇವತ್ತ್ ನಾನೇ ಬಿಟ್ಟೆ, ಅಮ್ಮನ ಹತ್ರ ನಾನೇ ಹೇಳ್ಕಂತೆ.” ಜಲಜಾಕ್ಷಿ ಪುಸ್ತಕವನ್ನು ಮುಚ್ಚದೆ ಮಿಶನ್ನಿನ ಮೇಲಿಟ್ಟಳು. “ಹೆದ್ರಿಕಿ ಇತ್ತ್ ಕುಸುಮಾ... ನೀನ್ ಒಂದ್ ಸಲ ಕರದ್ರೆ ಅವ್ಳ್ ನನ್ನ ಬಿಟ್ಟ್ ಹೋತ್ಲ್ ಅಂದ್ಹೇಳಿ. ಇಷ್ಟ್ ವರ್ಷ ಒಂದ್ ಫೋಟೊ ಕಳ್ಸಿರೆ ನಿಂಗ್ ಈ ಗತಿ ಬತ್ತಿರ್ಲಿಲ್ಲ. ತಪ್ಪ್ ನಂದ್.” ಹಾಗೆಂದವಳೇ ಎದ್ದು ಬಾಗಿಲಿಗೆ ಹೋಗಿ ಕೂಗಿದಳು. “ಹ್ವಾಯ್ ಪ್ರಣೀ... ಬಾ ಮಗಾ!”

ಬಂದವಳಿಗೆ ಮಚ್ಚೆ ಇರಲಿಲ್ಲ. ಎಣ್ಣೆಗಪ್ಪು ಬಣ್ಣ, ಉದ್ದ ಕುತ್ತಿಗೆ, ಬಾಗಿಲಲ್ಲಿ ತಲೆ ತುಸು ವಾರೆ ಮಾಡಿ ನಿಲ್ಲುವ ಚಾಳಿ. ಸತ್ತುಹೋದ ಗಂಡನ ಚಾಳಿ! ಕುಸುಮ ನೋಡಿದಳು. ನೋಡಿಯೇ ನೋಡಿದಳು. ಮಗಳೇ ಅನ್ನಲು ಬಾಯಿ ಬರಲಿಲ್ಲ. ಹುಡುಗಿಯೂ ಏನೆಂದು ಕರೆಯಬೇಕೆಂದು ತಿಳಿಯದೆ ಜಲಜಾಕ್ಷಿಯ ಮುಖ ನೋಡಿದಳು. ಕುಸುಮನ ಕೈ ಮಾತ್ರ ಅಭ್ಯಾಸಬಲದಿಂದ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪಿಗೆ ಹೋಯಿತು.

“ಮದಿ ರವಕಿ ಹೊಲ್ಸಿ ಆಯ್ತಾ?”

“ಇಲ್ಲ” ಎಂದಳು ಪ್ರಣೀತಾ, ಮೆಲ್ಲಗೆ.

“ಹಂಗಾರೆ ಈಚಿ ಬಾ. ಅಳತಿ ತಕಂತೆ.”

ಮೊದಲು ಹೆಗಲು. ಟೇಪಿನ ಎರಡು ತುದಿ ಹಿಡಿದ ಬೆರಳುಗಳು ಆ ಹೆಗಲ ಮೇಲೆ ಬೇಕಿದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಕೂತವು. ಹದಿನಾಲ್ಕು. ಪುಸ್ತಕದಲ್ಲಿ ಈ ವರ್ಷದ ಪುಟದಲ್ಲಿದ್ದದ್ದು ಹದಿಮೂರೂವರೆ. ಮುಖ ಪೂರಾ ತಪ್ಪಿತ್ತು, ಹೆಗಲು ಅರ್ಧ ಇಂಚು ಮಾತ್ರ!

ಪ್ರಣೀತಾ ಪುಟಗಳತ್ತ ನೋಡಿದಳು. “ಈ ಫೋಟೊ ತೆಗೀಲಾ? ನಂದ್ ಹಾಕ್ಲಾ?”

“ನಿಂದೂ ಹಾಕುವ. ಅದನ್ ತೆಗೀಬೇಡ. ಒಂಬತ್ತ್ ವರ್ಷ ನನ್ನ ಸಮಾಧಾನ ಮಾಡಿದ ಹೆಣ್ಣ್ ಅದ್. ಅದ್ ಎಲ್ಲೇ ಇರ್ಲಿ, ಅದ್ಕೂ ಒಳ್ಳೇದಾಯ್ಲಿ.”

ಜಲಜಾಕ್ಷಿ ಪೆನ್ನು ತೆಗೆದು ಹೊಸ ಪುಟ ತಿರುವಿದಳು. “ನೀನ್ ಹೇಳ್ ಕುಸುಮಾ, ನಾನ್ ಬರೀತೆ.”

“ಹೆಗಲ್ ಹದಿನಾಲ್ಕ್. ಸೊಂಟ...” ಟೇಪಿನ ಅಂಕಿ ಕಲಸಿಹೋಯಿತು. “ತಡಿನಿ, ಕಣ್ಣ್ ಕಾಂತಿಲ್ಲ.”

ಹುಡುಗಿ ತಾನೇ ಬಗ್ಗಿ ನೋಡಿದಳು. “ಇಪ್ಪತ್ತೆಂಟ್.”

ಜಲಜಾಕ್ಷಿ ಬರೆದಳು. ಹಿಂದಿನ ಪುಟಗಳನ್ನೊಮ್ಮೆ ನೋಡಿ ಕೇಳಿದಳು. “ಅಡಿಯಲ್ಲಿ ಯಾರ ಮಗಳದ್ದ್ ಅಂದ್ ಬರೀಲಿ?”

ಕುಸುಮ ಕಣ್ಣೊರೆಸಿಕೊಂಡಳು. ಉತ್ತರಕ್ಕೆ ಅವಳು ಹುಡುಕಬೇಕಾಗಲಿಲ್ಲ. “ನಿಮ್ದೇ ಅಲ್ದಾ ಅಕ್ಕ? ಜಲಜಕ್ಕನ ಮಗಳದ್ದ್ ಅಂದೇ ಬರೀನಿ.”

ಜಲಜಾಕ್ಷಿ ತಲೆ ತಗ್ಗಿಸಿ ಬರೆದಳು. ಬರೆದದ್ದನ್ನು ಪ್ರಣೀತಾ ಗಟ್ಟಿಯಾಗಿ ಓದಿದಳು. “ಇಪ್ಪತ್ತನಾಲ್ಕ್ ವರ್ಷ. ಕುಸುಮನ ಮಗಳದ್ದು.”

ಬಾಗಿ ಅತ್ತಿಗೆ ಚಾಕ್ಕೆ ನೀರಿಡಲು ಒಳಗೆ ಹೋದಳು. ಕುಸುಮನ ಕೈಯಿಂದ ಟೇಪು ಜಾರಿತು. ಅದನ್ನು ಹೆಕ್ಕಿಕೊಂಡು, ಮೂಗು ಒರೆಸಿಕೊಂಡು, ಅವಳು ಮತ್ತೆ ನೆಟ್ಟಗೆ ನಿಂತಳು.

“ಕೈ ಅಳತಿ ಬಾಕಿ ಇತ್ತ್” ಎಂದಳು. “ಕೈ ಎತ್ತ್ ಮಗಾ.”