ಅಮ್ಮನ ಉದ್ಯೋಗದ ಕಾಲಂ

“ಧರಣಿ, ಇದೇನಮ್ಮ ಬರೆದಿದೀಯ?” ಪದ್ಮಾವತಿ ಮಿಸ್ ಫಾರ್ಮನ್ನು ಕಣ್ಣಿನ ಹತ್ತಿರ ಹಿಡಿದರು. “ತಾಯಿಯ ಉದ್ಯೋಗ: ಸಮಾಜ ಸೇವೆ. ಸೇವೆ ಸರಿ, ಉದ್ಯೋಗ ಏನು?”

ಐದನೇ ಕ್ಲಾಸಿನ ಮಕ್ಕಳೆಲ್ಲ ಧರಣಿಯ ಕಡೆ ತಿರುಗಿದರು.

“ಅದೇ ಮಿಸ್, ಉದ್ಯೋಗ.”

“ಸೇವೆ ಅಂದ್ರೆ ಫ್ರೀ ಮಿಸ್,” ಎಂದ ಹಿಂದಿನ ಬೆಂಚಿನ ಅಭಿಲಾಷ್. “ನಮ್ಮಜ್ಜಿನೂ ಮಠದಲ್ಲಿ ಸೇವೆ ಮಾಡ್ತಾರೆ. ರಾಶಿ ಪಾತ್ರೆ ತೊಳೀತಾರೆ. ಊಟ ಮಾತ್ರ ಕೊಡ್ತಾರೆ.”

ಎಲ್ಲರೂ ನಕ್ಕರು. ಮಿಸ್‌ಗೂ ನಗು ಬಂತು, ತಡೆದುಕೊಂಡರು. “ಅಮ್ಮನ್ನ ಸರಿಯಾಗಿ ಕೇಳ್ಕೊಂಡು ಸೋಮವಾರ ತಾ,” ಎಂದು ಫಾರ್ಮ್ ವಾಪಸ್ ಕೊಟ್ಟರು.

ಧರಣಿ ಅದನ್ನು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡಳು. ಸೋಮವಾರದ ಹೊತ್ತಿಗೆ ಅಮ್ಮನ ಉದ್ಯೋಗವೇ ಬದಲಾಗಬಹುದು.

ಹೂಟಗಳ್ಳಿಯ ಒಂದು ಫ್ಯಾಕ್ಟರಿಯಿಂದ ಅಮ್ಮನಿಗೆ ಪತ್ರ ಬಂದಿತ್ತು. ಅಮ್ಮ ಓದಿದ್ದು ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ದೊಡ್ಡ ಓದು. ಅದನ್ನು ಓದಿದವರಿಗೆ ಫ್ಯಾಕ್ಟರಿಯ ಎಚ್.ಆರ್. ಆಫೀಸಿನಲ್ಲೂ ಕೆಲಸ ಸಿಗುತ್ತದಂತೆ. ಈಗ ಮಕ್ಕಳ ಸಂಸ್ಥೆಯಲ್ಲಿ ಸಿಗುವುದರ ಎರಡರಷ್ಟು ಸಂಬಳ. ಕಂಪನಿ ಬಸ್ಸು ಇವರ ಮನೆಯಿರುವ ಅಶೋಕಪುರಂ ತನಕ ಬರುತ್ತದೆ. ಸೋಮವಾರದೊಳಗೆ ಅಮ್ಮ ಹೂಂ ಅಥವಾ ಊಹೂಂ ಹೇಳಬೇಕು.

ಧರಣಿಗೆ ಹೂಂ ಬೇಕಾಗಿತ್ತು. ಬಸ್ಸಿನಲ್ಲಿ ಬಂದರೆ ಅಮ್ಮ ಐದೂವರೆಗೆಲ್ಲ ಮನೆಯಲ್ಲಿರುತ್ತಾಳೆ. ಈಗ ಯಾರ್‍ಯಾರದೋ ಮಕ್ಕಳ ಮನೆ ಸುತ್ತಿ ಏಳು ಗಂಟೆಗೆ ಬರುತ್ತಾಳೆ.

ಮುದ್ದಮ್ಮಜ್ಜಿಗೂ ಹೂಂ ಬೇಕಾಗಿತ್ತು. “ಅಷ್ಟು ಓದ್ಕಂಡು ಬೀದಿ ಬೀದಿ ಯಾಕವ್ವ ಸುತ್ತೀಯೆ? ಹೋಗಿ ಫ್ಯಾನ್ ಕೆಳಗೆ ಕೂತ್ಕೊ. ಚಪ್ಪಲಿಯಾದ್ರೂ ಉಳೀತದೆ.”

“ನೋಡಾನ ಬುಡಿ ಅತ್ತೆ,” ಎಂದಳು ಅಮ್ಮ.

ಶನಿವಾರ ಮಧ್ಯಾಹ್ನ ಅಜ್ಜಿ ಯಾರದೋ ಮಗುವಿನ ನಾಮಕರಣಕ್ಕೆ ಹೋದರು. ಅಮ್ಮ ಧರಣಿಯನ್ನೂ ಸ್ಕೂಟರಿನಲ್ಲಿ ಕೂರಿಸಿಕೊಂಡು ಕೆಲಸಕ್ಕೆ ಹೊರಟಳು. ನಜರ್‌ಬಾದಿನ ಒಂದು ಸಣ್ಣ ಗಲ್ಲಿಯಲ್ಲಿ ಸ್ಕೂಟರ್ ನಿಂತಿತು.

“ಇಲ್ಲಿ ಗಗನ ಅಂತ ಒಬ್ಬಳಿದಾಳೆ. ನಾಲ್ಕನೇ ಕ್ಲಾಸು. ಅಪ್ಪ ಅಮ್ಮ ಬೆಳಗ್ಗೆನೇ ಕೆಲಸಕ್ಕೆ ಹೋಗ್ತಾರೆ. ತಮ್ಮನ್ನ ನೋಡ್ಕೊಳ್ಳೋಕೆ ಅಂತ ಇವಳು ಎರಡು ತಿಂಗಳಿಂದ ಸ್ಕೂಲಿಗೇ ಹೋಗಿಲ್ಲ,” ಎಂದಳು ಅಮ್ಮ. “ಮಗೂನ ಅಂಗನವಾಡೀಲಿ ಬಿಡೋಕೆ ಎಲ್ಲಾ ಮಾತಾಡಿದೀನಿ. ಮನೇಲಿರೋ ತಾತನಿಗೆ ಮಗು ಹಿಂದೆ ಓಡೋಕಾಗಲ್ಲ, ಆದ್ರೆ ನಾನು ಹೋದ್ರೆ ಬಾಗಿಲೇ ತೆಗೆಯಲ್ಲ.”

ಅಮ್ಮ ಬಾಗಿಲು ತಟ್ಟಿದಳು.

“ಬೆಟ್ಟಯ್ಯ ಮನೇಲಿಲ್ಲ,” ಎಂದಿತು ಒಳಗಿನಿಂದ ಒಂದು ದಪ್ಪ ದನಿ.

“ಮಾತಾಡ್ತಿರೋರು ಬೆಟ್ಟಯ್ಯನೋರೇ ಅಲ್ವಾ?”

ಕಿಟಕಿಯಲ್ಲಿ ಒಬ್ಬ ಹುಡುಗಿ ಮಗುವನ್ನು ಎತ್ತಿಕೊಂಡು ಇಣುಕಿದಳು. ಧರಣಿಯಷ್ಟೇ ಎತ್ತರ.

“ಮೇಡಂ, ನೀವು ಸೇವೆ ಮಾಡೋರು,” ದಪ್ಪ ದನಿ ಮತ್ತೆ ಕೇಳಿಸಿತು. “ಬೇರೆ ಮನೆ ನೋಡ್ಕಳಿ. ನಮಗೆ ಯಾರ ಸೇವೆನೂ ಬ್ಯಾಡ. ನಾನಿನ್ನೂ ಗಟ್ಟಿಯಾಗಿವ್ನಿ.”

ಮತ್ತದೇ ಸೇವೆ. ಧರಣಿಗೆ ಅಭಿಲಾಷನ ಮುಖ ನೆನಪಾಯಿತು.

“ಸೇವೆ ಅಲ್ಲ ತಾತ,” ಎಂದುಬಿಟ್ಟಳು. “ನಮ್ಮಮ್ಮ ಸಂಬಳ ತಗೋತಾರೆ.”

ಅಮ್ಮ ಗಾಬರಿಯಿಂದ ಅವಳ ಕೈ ಹಿಡಿದಳು. ಬಾಗಿಲು ಒಂದು ಗೇಣು ತೆರೆಯಿತು.

“ಸಂಬಳಾನಾ?”

“ಹೂಂ. ಕಮ್ಮಿ. ಆದ್ರೂ ತಗೋತಾರೆ.”

“ಏನು ಕೆಲಸಕ್ಕೆ?”

ಈಗ ಅಮ್ಮನೇ ಹೇಳಿದಳು. “ಗಗನ ಸ್ಕೂಲಿಗೆ ಹೋಗೋ ಹಂಗೆ ಮಾಡೋ ಕೆಲಸಕ್ಕೆ. ಅವಳು ಹೋಗ್ಲಿಲ್ಲ ಅಂದ್ರೆ ನನ್ನ ಕೆಲಸ ಆಗಿಲ್ಲ ಅಂತ. ಇದು ಆರನೇ ಸಲ ಬರ್ತಿರೋದು ಯಜಮಾನ್ರೇ.”

ಬಾಗಿಲು ಪೂರ್ತಿ ತೆರೆಯಿತು. ಬೆಟ್ಟಯ್ಯ ಹೆಗಲ ಮೇಲಿನ ಟವೆಲ್ಲಿನಿಂದ ಕುರ್ಚಿ ಒರೆಸಿದರು. “ಮೊದ್ಲೇ ಹೇಳೋದಲ್ವಾ? ಏನೋ ದಾನ ಕೊಡಕ್ಕೆ ಬಂದವ್ರೆ ಅಂದ್ಕಂಡೆ. ನಲವತ್ತು ವರ್ಷ ಗಾರೆ ಕೆಲಸ ಮಾಡ್ದೋನು ನಾನು. ಕೆಲಸಕ್ಕೆ ಬಂದೋರನ್ನ ಬಾಗಿಲಲ್ಲಿ ನಿಲ್ಲಿಸ್ತಾರಾ? ಬನ್ನಿ, ಕೂತ್ಕಳಿ.”

ಅವರು ಮಾತಾಡುವಷ್ಟು ಹೊತ್ತು ಮಗು ಧರಣಿಯ ತೊಡೆಯ ಮೇಲೆ ಕೂತು ಅವಳ ಜಡೆ ಕಚ್ಚುತ್ತಿತ್ತು. ಸೋಮವಾರದಿಂದ ಮಗು ಅಂಗನವಾಡಿಗೆ ಎಂದು ಬೆಟ್ಟಯ್ಯ ಒಪ್ಪಿದ್ದೇ ತಡ, ಗಗನ ಮಂಚದ ಕೆಳಗಿಂದ ತನ್ನ ಸ್ಕೂಲ್ ಬ್ಯಾಗ್ ಎಳೆದು ಧೂಳು ಕೊಡವಿದಳು.

“ನಾಲ್ಕನೇ ಕ್ಲಾಸಲ್ಲಿ ಭಾಗಾಕಾರ ಕಷ್ಟನಾ?” ಎಂದು ಮೆಲ್ಲಗೆ ಕೇಳಿದಳು.

“ಶೇಷ ಉಳಿದ್ರೆ ಕಷ್ಟ,” ಎಂದಳು ಧರಣಿ.

ವಾಪಸ್ ಬರುವಾಗ ಅಮ್ಮ ಒಬ್ಬಳೇ ನಗುತ್ತಿದ್ದಳು. “ಐದು ಸಲಾನೂ ‘ನಿಮಗೆ ಸಹಾಯ ಮಾಡಕ್ಕೆ ಬಂದಿದೀನಿ’ ಅಂತಾನೇ ಹೇಳ್ತಿದ್ದೆ ಕಣೆ.”

“ಅಮ್ಮ, ಫ್ಯಾಕ್ಟರಿಗೆ ಹೋಗ್ತೀಯಾ?”

“ಆಸೆ ಇದೆ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಇಂಥ ಬಾಗಿಲು ಅಲ್ಲಿ ಸಿಗಲ್ಲ.”

ಭಾನುವಾರ ಬೆಳಗ್ಗೆ ಅಮ್ಮ ಬುದ್ಧನ ಫೋಟೊ ಕೆಳಗಿನ ಮೇಜಿನಲ್ಲಿ ಕಾಗದ ಬರೆಯುತ್ತಿದ್ದಳು. ಧರಣಿ ಬಗ್ಗಿ ಓದಿದಳು. ಅದು ಹೂಟಗಳ್ಳಿಗಲ್ಲ, ಈಗಿನ ಸಂಸ್ಥೆಗೆ. ನನಗೆ ಕೊಡುವುದನ್ನು ‘ಗೌರವಧನ’ ಎಂದು ಬರೆಯುವ ಬದಲು ‘ಸಂಬಳ’ ಎಂದು ಬರೆಯಬೇಕು, ಅದನ್ನು ಹೆಚ್ಚಿಸಬೇಕು ಎಂದು ಅದರಲ್ಲಿತ್ತು.

“ಫ್ಯಾಕ್ಟರಿಗೆ ಊಹೂಂ ಅಂತ ಮೆಸೇಜ್ ಹಾಕ್ಬುಟ್ಟೆ,” ಎಂದಳು ಅಮ್ಮ. “ಈ ಕಾಗದಕ್ಕೆ ಇವರೂ ಊಹೂಂ ಅಂದ್ರೆ ಬೇರೆ ನೋಡಾನ.”

“ಗೌರವನ ತಟ್ಟೆಗೆ ಹಾಕ್ಕಂಡು ತಿನ್ನಕ್ಕಾಯ್ತದಾ?” ಅಜ್ಜಿ ಸೊಪ್ಪು ಬಿಡಿಸುತ್ತಲೇ ಹೇಳಿದರು. “ಸಂಬಳ ಅನ್ನೋ ಕಡೆ ಅಂಡರ್‌ಲೈನ್ ಹಾಕವ್ವ. ಅವ್ರ ಕಣ್ಣಿಗೆ ಕಾಣ್ಲಿ.”

ಅಮ್ಮ ಐದೂವರೆಗೆ ಮನೆಗೆ ಬರುವ ಆಸೆ ಹೋಯಿತು. ಧರಣಿಗೆ ಒಂದು ಕ್ಷಣ ಬೇಜಾರಾಯಿತು. ನಾಳೆ ಈ ಹೊತ್ತಿಗೆ ಗಗನ ಸ್ಕೂಲಿಗೆ ಹೋಗಲು ಜಡೆ ಹಾಕಿಕೊಳ್ಳುತ್ತಿರುತ್ತಾಳೆ ಎಂದೂ ಅನ್ನಿಸಿತು. ಮೊದಲನೇ ದಿನವೇ ಶೇಷ ಉಳಿಯದ ಲೆಕ್ಕ ಕೊಟ್ಟರೆ ಸಾಕು.

ಅವಳು ಬ್ಯಾಗಿನಿಂದ ಫಾರ್ಮ್ ತೆಗೆದಳು. ‘ಸೇವೆ’ಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ದಪ್ಪಗೆ ‘ಕೆಲಸ’ ಎಂದು ಬರೆದಳು.

ಆಮೇಲೆ ಸ್ಕೇಲ್ ಇಟ್ಟು ಅಂಡರ್‌ಲೈನ್ ಹಾಕಿದಳು.