ಬಂಡೆಯನ್ನು ಕಟ್ಟಿಹಾಕಿದ ಸಿಗ್ನೆ

"ಈಗಲೇ ಬೇಡ... ತಡಿ... ತಡಿ..." ಚುಕ್ಕಾಣಿ ಹಿಡಿದಿದ್ದ ಅಜ್ಜ ಹಿಂದಿನಿಂದ ಕೂಗುತ್ತಿದ್ದರು.

ಹಾಯಿದೋಣಿಯ ಮೂತಿಯಲ್ಲಿ ಸಿಗ್ನೆ ಹಗ್ಗದ ಸುರುಳಿ ಹಿಡಿದು ಕೊಕ್ಕರೆಯ ಹಾಗೆ ನಿಂತಿದ್ದಳು. ಈಗಷ್ಟೇ ಅಜ್ಜ ಮುಂದೆ ಬಂದು, ಅವಳ ಶೂ ಲೇಸನ್ನು ಎರಡೆರಡು ಸಲ ಬಿಗಿದು ಹೋಗಿದ್ದರು.

ಕಳೆದ ಎರಡು ಬೇಸಿಗೆ ದೋಣಿ ಕಟ್ಟಲು ದಡಕ್ಕೆ ಹಾರಿದ್ದು ಅಣ್ಣ ಕಾಸ್ಪರ್. ಈ ಸಲ ಕಾಡಿ ಬೇಡಿ ಆ ಕೆಲಸ ಅವಳು ಗಿಟ್ಟಿಸಿಕೊಂಡಿದ್ದಳು. ಚಳಿಗಾಲವಿಡೀ ಕುರ್ಚಿಗೆ, ಬಾಗಿಲ ಹಿಡಿಗೆ, ಒಮ್ಮೆ ಊಟಕ್ಕೆ ಕೂತಿದ್ದ ಅಪ್ಪನ ಕಾಲಿಗೂ ಗಂಟು ಹಾಕಿ ಕಲಿತಿದ್ದಳು.

"ಬೀಳ್ಬೇಡ್ವೇ! ನೀರು ಐಸ್ ಥರ ಇದೆ," ಎಂದ ಕಾಸ್ಪರ್. ಅವನಿಗೀಗ ಹಿಂದಿನ ಲಂಗರಿನ ಕೆಲಸ. ಒಂದು ಕೈಯಲ್ಲಿ ಲಂಗರಿನ ಹಗ್ಗ, ಇನ್ನೊಂದರಲ್ಲಿ ದಾಲ್ಚಿನ್ನಿ ಬನ್ನು.

"ಈಗ ಹಾರು!"

ಸಿಗ್ನೆ ಹಾರಿದಳು. ಜಾರಲಿಲ್ಲ. ಬಂಡೆಗೆ ಹೊಡೆದಿದ್ದ ಕಬ್ಬಿಣದ ಬಳೆಗೆ ಓಡಿಹೋಗಿ ಗಂಟು ಬಿಗಿದಳು. ಎಂಥ ಗಂಟು! ಫೋಟೋ ತೆಗೆದು ಗೋಡೆಗೆ ಹಾಕಬಹುದಿತ್ತು.

"ಅಜ್ಜ, ನೋಡು!"

ಅಜ್ಜ ನೋಡುತ್ತಲೇ ಇದ್ದರು. ಆದರೆ ದೋಣಿ ಮೆಲ್ಲಗೆ ಹಿಂದಕ್ಕೆ ಹೋಗುತ್ತಿತ್ತು. ಹಗ್ಗದ ಇನ್ನೊಂದು ತುದಿ ಸಿಗ್ನೆಯ ಕಾಲ ಬಳಿಯೇ ನೀರಲ್ಲಿ ತೇಲುತ್ತಿತ್ತು. ಅದನ್ನು ದೋಣಿಗೆ ಕಟ್ಟಿರಲೇ ಇಲ್ಲ!

"ಬಂಡೇನ ಗಟ್ಟಿಯಾಗಿ ಕಟ್ಟಿದಾಳೆ, ಅಜ್ಜ!" ಕಾಸ್ಪರ್ ನಕ್ಕೂ ನಕ್ಕೂ ಬನ್ನನ್ನು ನೀರಿಗೆ ಬೀಳಿಸಿದ. "ಇನ್ನು ಅದು ಎಲ್ಲೂ ಓಡಿಹೋಗಲ್ಲ!"

ಬನ್ನು ಕಡಲಹಕ್ಕಿಯ ಪಾಲಾಯಿತು. ಅಜ್ಜ ದೋಣಿಯನ್ನು ಮತ್ತೆ ಹತ್ತಿರ ತಂದರು. ಸಿಗ್ನೆ ಹಗ್ಗ ಎಸೆದಳು. ಅದು ನೇರ ಕಾಸ್ಪರನ ಮುಖಕ್ಕೆ.

"ಸಾರಿ," ಎಂದಳು. ದನಿಯಲ್ಲಿ ಮಾತ್ರ ಸಾರಿ ಇರಲಿಲ್ಲ.

ಸಂಜೆ ಅವಳು ಹೊಗೆಯಾಡಿಸಿದ ಮೀನನ್ನು ತಟ್ಟೆಯಲ್ಲೇ ಅತ್ತಿತ್ತ ತಳ್ಳುತ್ತಿದ್ದಳು.

"ನಾಳೆ ಕಾಸ್ಪರ್ ಹಾರ್ತಾನಾ, ಅಜ್ಜ?"

"ಮೊದ್ಲು ಮೀನು ತಿನ್ನು. ಮುಳ್ಳಿದೆ, ನೋಡ್ಕೊಂಡು."

ಮರುದಿನ ಮುಂದಿನ ದ್ವೀಪ ಹತ್ತಿರವಾದಾಗ ಕಾಸ್ಪರ್ ಎದ್ದು ನಿಂತ.

"ನೀನೆಲ್ಲಿಗೋ? ಸ್ವಲ್ಪ ಚುಕ್ಕಾಣಿ ಹಿಡ್ಕೋ," ಎಂದರು ಅಜ್ಜ. "ಹಾಯಿ ನೋಡ್ಬಿಟ್ಟು ಬರ್ತೀನಿ."

ಪ್ರತಿ ದಡದ ಹತ್ತಿರವೂ ಅಜ್ಜ ಹೀಗೇ ಹೇಳಿ ಮುಂದೆ ಬರುತ್ತಿದ್ದರು. ಸಿಗ್ನೆ ದೋಣಿಗೆ ಕಟ್ಟಿದ್ದ ಹಗ್ಗದ ತುದಿ ಎಳೆದು ನೋಡಲು ಬಗ್ಗಿದಳು. ಅಜ್ಜನ ಕೈ ಆಗಲೇ ಅಲ್ಲಿತ್ತು, ಗಂಟನ್ನು ಎಳೆದು ನೋಡುತ್ತಿತ್ತು. ಅವರು ಹಾಯಿಯ ಕಡೆ ತಲೆಯೆತ್ತಿಯೂ ನೋಡಿರಲಿಲ್ಲ.

ಕಾಸ್ಪರ್ ಹಾರುತ್ತಿದ್ದಾಗಲೂ ಹೀಗೇ. ನಿನ್ನೆ ಮಾತ್ರ ಆ ಕೈ ಅವಳ ಲೇಸಿನಲ್ಲೇ ಉಳಿದು, ಹಗ್ಗದ ಗಂಟನ್ನು ಮರೆತುಬಿಟ್ಟಿತ್ತು.

ಇವತ್ತು ಲೇಸನ್ನು ಸಿಗ್ನೆ ತಾನೇ ಬಿಗಿದುಕೊಂಡಿದ್ದಳು. ಅಜ್ಜನಿಗೆ ಅದು ಚೆನ್ನಾಗಿ ಕಾಣಲಿ ಎಂದು ಎರಡೂ ಕಾಲನ್ನು ಒಂದಿಷ್ಟು ಮುಂದಿಟ್ಟು ನಿಂತಳು.